ಕೋಲ್ಬಿಯ ಎಡಗೈ

ಪಂದ್ಯ ಮುಗಿದ ಮೇಲೆ ಚೆಂಡೆಸೆದವನೇ ತಾನು ನಿಂತ ದಿಬ್ಬದ ಮಣ್ಣನ್ನು ಹಲ್ಲುಗೋಲಿನಿಂದ ಕೆರೆದು, ಸಮ ಮಾಡಿ, ನೀರು ಚಿಮುಕಿಸಿ ಮನೆಗೆ ಹೋಗಬೇಕು. ನಮ್ಮ ಊರಿನ ಪ್ರೌಢಶಾಲೆಯ ಬೇಸ್‌ಬಾಲ್ ಮೈದಾನದಲ್ಲಿ ಇದು ಹಿಂದಿನಿಂದ ನಡೆದುಬಂದ ಪದ್ಧತಿ. ಕೋಲ್ಬಿ ರೆಮರ್ಸ್‌ನ ಅಪ್ಪ ಡಿರ್ಕ್ ಕೂಡ ತನ್ನ ಕಾಲದಲ್ಲಿ ಕೆರೆದವನೇ. ಆದರೆ ಜೂನ್ ತಿಂಗಳ ಒಂದು ಮಂಗಳವಾರ ಕೋಲ್ಬಿ ಆ ಕೋಲನ್ನು ಎಡಗೈಯಲ್ಲಿ ಎಳೆಯುತ್ತಿದ್ದ. ಉಣ್ಣುವುದು, ಬರೆಯುವುದು, ಎಸೆಯುವುದು ಎಲ್ಲದಕ್ಕೂ ಬಲಗೈ ಬಳಸುವ ಹುಡುಗ ಅವನು.

"ಯಾಕೋ ಮಗ, ಕೈ ಬದಲಾಯ್ತು?" ಎಂದೆ.

"ಸುಮ್ನೆ ಅಜ್ಜಿ. ಎಡಗೈಗೂ ಒಂಚೂರು ಕೆಲ್ಸ ಕಲಿಸೋಣ ಅಂತ."

"ಹಂಗಾದ್ರೆ ಮುಂದಿನ್ವಾರ ಅದ್ರಲ್ಲೇ ಎಸೀತೀಯೇನು?"

ನಕ್ಕು, ನೀರು ಚಿಮುಕಿಸಲು ಹೋದ.

ಊರಿನವರಿಗೆಲ್ಲ ನಾನು ಆರ್ಡಿಸ್ ಅಜ್ಜಿ. ಭಾನುವಾರ ಚರ್ಚಿನಲ್ಲಿ ಆರ್ಗನ್ ನುಡಿಸುತ್ತೇನೆ, ವಾರದ ದಿನಗಳಲ್ಲಿ ಶಾಲೆಯ ಪಂದ್ಯದ ಲೆಕ್ಕದ ಪುಸ್ತಕ ಬರೆಯುತ್ತೇನೆ. ಎರಡು ಕಡೆಯೂ ಎಣಿಕೆ ತಪ್ಪಬಾರದು. ಎದುರಾಳಿ ಶಾಲೆಯ ಲೆಕ್ಕ ಬರೆಯುವವರು ನನ್ನ ಪಕ್ಕದಲ್ಲೇ ಕೂರುತ್ತಾರೆ. ಯಾರ ಹುಡುಗ ಎಷ್ಟು ಚೆಂಡು ಎಸೆದ ಎಂದು ಆಗಾಗ ಗಟ್ಟಿಯಾಗಿ ಓದಿ ತಾಳೆ ನೋಡುತ್ತೇವೆ. ನೂರಹತ್ತು ಮುಟ್ಟಿದರೆ ಹುಡುಗ ದಿಬ್ಬ ಇಳಿಯಬೇಕು, ಆಮೇಲೆ ಆ ತೋಳಿಗೆ ದಿನಗಟ್ಟಲೆ ಬಿಡುವು.

ಅಯೋವಾದಲ್ಲಿ ಶಾಲೆಯ ಬೇಸ್‌ಬಾಲ್ ಬೇಸಿಗೆಯ ಆಟ. ಊರೂರು ಸುತ್ತುವ ನಗರದ ಆಯ್ದ ತಂಡಗಳ ಹಂಗಾಮೂ ಬೇಸಿಗೆಯೇ. ಹೀಗಾಗಿ ಕೋಲ್ಬಿ ಮಂಗಳವಾರ ನಮ್ಮವನು, ಶನಿವಾರ ಭಾನುವಾರ ಅವರವನು. ಚರ್ಚಿನಲ್ಲಿ ರೆಮರ್ಸ್ ಕುಟುಂಬದ ಬೆಂಚು ಮೇ ತಿಂಗಳಿಂದ ಖಾಲಿ. ನಮ್ಮ ಕೋಚ್ ಲೈಲ್ ಥೋರ್ಸನ್ ಧಾನ್ಯದ ಉಗ್ರಾಣದ ಮುಂದೆ ಡಿರ್ಕ್‌ನನ್ನು ಕಂಡರೆ ಬಿಡುತ್ತಿರಲಿಲ್ಲ.

"ಏನಪ್ಪಾ, ನಿನ್ ಮಗ ಈ ವಾರ ನಮ್ಮೋನೋ, ನೆಂಟನೋ?"

"ನಿನ್ ಮೈದಾನಕ್ಕೆ ಹುಡುಗ್ರನ್ನ ಆರಿಸ್ಕೊಳ್ಳೋಕೆ ಯಾವ ಕಾಲೇಜಿನೋರು ಬರ್ತಾರೆ ಹೇಳು ಲೈಲ್. ಜೋಳ ತಿನ್ನೋ ಕಾಗೆ ಬರ್ತವೆ."

ಇಬ್ಬರೂ ನಗುತ್ತಿದ್ದರು. ನಗುವಿನಡಿಯಲ್ಲಿ ನಗು ಇರಲಿಲ್ಲ.

ಮುಂದಿನ ಮಂಗಳವಾರವೂ ಎಡಗೈ. ಅದರ ಮುಂದಿನದೂ. ಮೂವತ್ತನೆಯ ಎಸೆತ ದಾಟಿದರೆ ಚೆಂಡು ಸೊರಗಿ ನೆಲ ಹಿಡಿಯುತ್ತಿತ್ತು. ನಮ್ಮ ಕಡೆ ಅವನ ಎಣಿಕೆ ಎಂದೂ ಮಿತಿ ಮೀರಿರಲಿಲ್ಲ. ಹಾಗಾದರೆ ದಣಿವು ಎಲ್ಲಿಯದು? ತಿಳಿಯಬೇಕೆಂಬ ಹಸಿವನ್ನೂ ದೇವರೇ ಕೊಟ್ಟದ್ದು ಎಂದು ನಂಬಿದವಳು ನಾನು. ಜುಲೈಯ ಎರಡನೆಯ ಭಾನುವಾರ ಬೆಳಿಗ್ಗೆ ಎಂಟರ ಆರಾಧನೆ ಮುಗಿಸಿ, ಒಂದು ಒತ್ತಿಗೆ ಒಂದು ಅಂಕಿ ಸರಿಯುವ ನನ್ನ ಎಣಿಕೆ ಯಂತ್ರವನ್ನು ಕೈಚೀಲಕ್ಕೆ ಹಾಕಿಕೊಂಡು ಆ ತಂಡದ ಪಂದ್ಯವಿದ್ದ ಡೆ ಮೊಯ್ನ್ ನಗರಕ್ಕೆ ಕಾರು ಬಿಟ್ಟೆ.

ಅಲ್ಲಿ ಒಂದರ ಪಕ್ಕ ಒಂದು ಎಂಟು ಮೈದಾನ. ಕೋಲ್ಬಿ ಎಸೆಯುತ್ತಿದ್ದ, ನಾನು ಒತ್ತುತ್ತಿದ್ದೆ. ಎಪ್ಪತ್ತನಾಲ್ಕಕ್ಕೆ ನಿಂತಿತು.

ಪಕ್ಕದಲ್ಲಿದ್ದ ಒಬ್ಬ ತಾಯಿಯನ್ನು ಕೇಳಿದೆ: "ಇಲ್ಲಿ ಚೆಂಡು ಎಣಿಸೋರು ಯಾರಮ್ಮ?"

"ಚೆಂಡಾ? ಇಲ್ಲಿ ಇನ್ನಿಂಗ್ಸ್ ಲೆಕ್ಕ ಅಲ್ವಾ. ಇವತ್ತು ನಾಲ್ಕು, ನಿನ್ನೆ ಮೂರು. ಎಲ್ಲಾ ಮಿತಿಯೊಳಗೇ ಇದೆ ಬಿಡಿ."

ಮನೆಗೆ ಬಂದು ಅಡುಗೆಮನೆಯ ಮೇಜಿನ ಮೇಲೆ ಪುಸ್ತಕ ಬಿಡಿಸಿದೆ. ಅವರದು ಇನ್ನಿಂಗ್ಸ್, ನಮ್ಮದು ಎಸೆತ. ಒಂದು ಇನ್ನಿಂಗ್ಸ್‌ನಲ್ಲಿ ಹತ್ತು ಚೆಂಡೂ ಇರಬಹುದು, ಮೂವತ್ತೂ ಇರಬಹುದು. ಎರಡನ್ನೂ ಕೂಡಿಸಿದವರು ಯಾರೂ ಇಲ್ಲ. ಏಳು ಮಂಗಳವಾರ ಕೋಲ್ಬಿಯ ಹೆಸರಿನ ಎದುರು ಪಂದ್ಯಕ್ಕೆ ಹಿಂದಿನ ಮೂರ್ನಾಲ್ಕು ದಿನ ಎಷ್ಟು ಎಸೆದ ಎಂದು ತುಂಬುವ ಚೌಕದಲ್ಲಿ ಸೊನ್ನೆ. ನನ್ನದೇ ಅಕ್ಷರ. ಎಷ್ಟು ದುಂಡಗೆ ಬರೆದಿದ್ದೆ! ಆ ರಾತ್ರಿ ಪ್ರಾರ್ಥನೆಯಲ್ಲಿ ಬೇರೆ ಯಾರನ್ನೂ ದೂರುವ ಧೈರ್ಯ ನನಗೆ ಬರಲಿಲ್ಲ.

ಮಂಗಳವಾರದ ಪಂದ್ಯ ಸೋತರೆ ಶಾಲೆಗೆ ಆ ವರ್ಷ ಮುಗಿದಂತೆ. ಲೈಲ್ ಎಸೆತಗಾರನ ಜಾಗದಲ್ಲಿ ಕೋಲ್ಬಿಯ ಹೆಸರನ್ನೇ ಬರೆದಿದ್ದ. ಆಟಕ್ಕೆ ಇನ್ನೂ ಹೊತ್ತಿರುವಾಗಲೇ ಲೈಲ್‌ನನ್ನೂ ಡಿರ್ಕ್‌ನನ್ನೂ ಬೇಲಿಯ ಹತ್ತಿರ ಕರೆದೆ. ಕೋಲ್ಬಿಯೂ ಬಂದ.

"ಭಾನುವಾರ ಎಪ್ಪತ್ನಾಲ್ಕು ಎಸ್ದಿದಾನೆ. ನಾನೇ ಎಣಿಸಿದೀನಿ."

"ನೋಡಿದ್ಯಾ?" ಲೈಲ್ ಡಿರ್ಕ್‌ನತ್ತ ತಿರುಗಿದ. "ನಿಮ್ಮ ನಗರದೋರ ಕೆಲ್ಸ!"

"ಹೋದ ಮಂಗಳವಾರ ತೊಂಬತ್ತು ಎಸೆಸ್ದೋನು ನೀನಲ್ವಾ?"

"ಆಯ್ತು ಲೈಲ್," ಎಂದೆ, "ಹಂಗಾದ್ರೆ ಇವತ್ತು ಅವ್ನು ಎಸೆಯೋದು ಬೇಡ."

ಅವನು ತಲೆ ಕೆರೆದುಕೊಂಡ. "ಅಜ್ಜಿ, ನಮ್ಮ ಪುಸ್ತಕದ ಪ್ರಕಾರ ಇವತ್ತು ಅವನದು ಸೊನ್ನೆ ತಾನೇ?"

"ಪುಸ್ತಕದಲ್ಲಿ ಸೊನ್ನೇನೇ. ಬರ್ದೋಳೂ ನಾನೇ. ತೋಳಲ್ಲಿ ಎಷ್ಟು?"

"ನೋವಿದ್ದಿದ್ರೆ ಅವ್ನೇ ಹೇಳ್ತಿದ್ದ," ಎಂದ ಡಿರ್ಕ್.

ನಾನು ಬೇಲಿಗೆ ಒರಗಿಸಿದ್ದ ಹಲ್ಲುಗೋಲನ್ನು ಕೋಲ್ಬಿಗೆ ಕೊಟ್ಟೆ. "ದಿಬ್ಬ ಒಂದ್ಸಲ ಕೆರಿ ಮಗ. ಬಲಗೈಲಿ."

ಅವನು ಎರಡು ಸಲ ಎಳೆದ. ಮೂರನೆಯದಕ್ಕೆ ಬೆರಳು ತಾವಾಗಿ ಬಿಚ್ಚಿಕೊಂಡವು. ಕೋಲು ಮಣ್ಣಿನ ಮೇಲೆ ಬಿತ್ತು.

"ಯಾವತ್ತಿಂದ?" ಡಿರ್ಕ್‌ನ ದನಿ ಸಣ್ಣದಾಗಿತ್ತು.

"ಜೂನಿಂದ ಅಪ್ಪ. ನಿಮಗೆ ಹೇಳಿದ್ರೆ ಸ್ಕೂಲಿನೋರಿಂದ ಅಂತೀರಿ, ಕೋಚ್‌ಗೆ ಹೇಳಿದ್ರೆ ನಿಮ್ಮ ತಂಡದಿಂದ ಅಂತಾರೆ. ನೋವು ಮಾತ್ರ ನನ್ನದೇ ಅಲ್ವಾ, ಅದಕ್ಕೆ ಯಾರಿಗೂ ಹೇಳ್ಲಿಲ್ಲ."

ಲೈಲ್ ಹೋಗಿ ಕೋಲನ್ನೆತ್ತಿ ಉಳಿದ ದಿಬ್ಬವನ್ನು ತಾನೇ ಕೆರೆದ. ಡಿರ್ಕ್ ನೀರಿನ ಕೊಳವೆ ಎಳೆದು ತಂದ. ಆಟಗಾರರ ಪಟ್ಟಿಯಲ್ಲಿ ಬೇರೆ ಹೆಸರು ಬಂತು.

ಐದು-ಎರಡರಿಂದ ಸೋತೆವು. ಕೋಲ್ಬಿ ಆಟವಿಡೀ ನನ್ನ ಪಕ್ಕ ಕುಳಿತು ಎಡಗೈಯಲ್ಲಿ ಎಣಿಕೆ ಯಂತ್ರ ಒತ್ತಿದ; ಒಂದೂ ತಪ್ಪಲಿಲ್ಲ. ಮೊಣಕೈಯೊಳಗೆ ಹರಿದಿಲ್ಲ, ಬಳಲಿದೆಯಷ್ಟೇ, ಕೊಯ್ಲಿನ ತನಕ ಚೆಂಡು ಮುಟ್ಟಬೇಡ ಎಂದು ವೈದ್ಯರು ಹೇಳಿದ್ದು ಆ ವಾರದ ಕೊನೆಗೆ. ಅಂದು ಸಂಜೆ ನಮಗೆ ಅದಿನ್ನೂ ಗೊತ್ತಿರಲಿಲ್ಲ.

ಎಲ್ಲರೂ ಹೊರಟ ಮೇಲೆ ಅವನು ಪುಸ್ತಕದೊಳಗೆ ಇಣುಕಿದ.

"ಅಜ್ಜಿ, ಭಾನುವಾರದ್ದು ಎಪ್ಪತ್ನಾಲ್ಕು. ಶನಿವಾರದ್ದು ಎಷ್ಟಿತ್ತು?"

"ಗೊತ್ತಿಲ್ಲ ಮಗ. ಯಾರೂ ಎಣಿಸಿಲ್ಲ."

ಅವನ ಹೆಸರಿನ ಎದುರಿನ ಆ ಚೌಕದಲ್ಲಿ ಈ ಸಲ ಸೊನ್ನೆ ಬರೆಯಲು ಕೈ ಏಳಲಿಲ್ಲ. ಖಾಲಿ ಬಿಟ್ಟು ಪುಸ್ತಕ ಮುಚ್ಚಿದೆ.