ಹದಿಮೂರು ಕಾಸಿನ ಕುಡುಗೋಲು

ಶ್ರೀರಂಗಪಟ್ಟಣದಲ್ಲಿ ಸುಲ್ತಾನರು ಆಳುತ್ತಿದ್ದ ಕಾಲ. ನಾಗಮಂಗಲದ ಕಮ್ಮಾರ ಚೌಡಯ್ಯನ ಕೈಕೆಲಸ ಸುತ್ತಮುತ್ತಲೆಲ್ಲ ಹೆಸರುವಾಸಿ. ಮನೆಯಲ್ಲಿ ಮಾತ್ರ ರಾಗಿ ಇದ್ದರೆ ಉಪ್ಪಿಲ್ಲ, ಉಪ್ಪಿದ್ದರೆ ಕುಲುಮೆಗೆ ಇದ್ದಲಿಲ್ಲ. ಬೆಳಗಿನಿಂದ ಬೈಗಿನವರೆಗೆ ಬೆಂಕಿಗೆ ಗಾಳಿಯೂದುವ ತಿದಿ ಒತ್ತುವವಳು ಹೆಂಡತಿ ಮೂಗಮ್ಮ. ಇಷ್ಟು ದುಡಿದರೂ ದುಡ್ಡು ಎಲ್ಲಿ ಸೋರುತ್ತದೆ ಎಂದು ಅವಳಿಗೆ ತಿಳಿಯದು.

ಒಂದು ದಿನ ಚೌಡಯ್ಯ ತಲೆ ತಗ್ಗಿಸಿಕೊಂಡು ಹೇಳಿದ: "ಸಿಂಧಘಟ್ಟದ ಶಿವಣ್ಣ ನಮ್ಮ ಅಡಿಗಲ್ಲು ಕೇಳ್ತಾವ್ನೆ ಕಣಮ್ಮಿ. ರಾಗಿ ಕುಯ್ಲು ಮುಗಿದ್ಮೇಲೆ ಬತ್ತಾನಂತೆ. ಕೊಟ್ಬುಡಾನ."

ಕಾದ ಕಬ್ಬಿಣ ಇಟ್ಟು ಬಡಿಯುವ ಆ ಅಡಿಗಲ್ಲು ಮಾವನ ಕಾಲದ್ದು. ಅದು ಹೋದರೆ ಕಸುಬೇ ಹೋಯಿತು. ಮೂಗಮ್ಮ ತಿದಿ ಬಿಟ್ಟು ಎದ್ದಳು. ಪಕ್ಕದ ಮನೆಗೆ ಓಡಿ ಬೆಟ್ಟಮ್ಮನನ್ನು ಎಳೆದುಕೊಂಡೇ ಬಂದಳು. ಬೆಳ್ಳೂರು ಸಂತೆಯಲ್ಲಿ ಬೆಣ್ಣೆ ಮಾರಿ ಎರಡು ಎಮ್ಮೆಯನ್ನು ಐದು ಮಾಡಿದ ಗಟ್ಟಿಗಿತ್ತಿ ಈ ಬೆಟ್ಟಮ್ಮ.

ಬೆಟ್ಟಮ್ಮ ಮಡಿಲಲ್ಲಿದ್ದ ಹುಣಸೆ ಬೀಜಗಳನ್ನು ಕುಲುಮೆಯ ಮುಂದೆ ಸುರಿದಳು. "ಒಂದು ಬೀಜ ಅಂದ್ರೆ ಒಂದು ಕಾಸು. ಚೌಡಣ್ಣ, ಒಂದು ಕುಡುಗೋಲಿಗೆ ಏನೇನು ಖರ್ಚು ಯೋಳು."

ಕಬ್ಬಿಣಕ್ಕೆ ನಾಲ್ಕು, ಇದ್ದಲಿಗೆ ಮೂರು, ಮರದ ಹಿಡಿಗೆ ಒಂದು, ಚೌಡಯ್ಯನ ಕೂಲಿಗೆ ಎರಡು. ಹತ್ತು ಬೀಜ ಸಾಲಾಗಿ ಕುಳಿತವು.

"ತಿದಿ ಒತ್ತೋಳ ಕೂಲಿ?" ಬೆಟ್ಟಮ್ಮ ಕೇಳಿದಳು.

"ಹೆಂಡ್ತಿಗೆ ಯಾವ ಕೂಲಿ ಬೆಟ್ಟಕ್ಕ?" ಚೌಡಯ್ಯ ನಕ್ಕ.

"ಅಂಗಾರೆ ನಾಳೆಯಿಂದ ನೀನೇ ಒತ್ಕೊ," ಎಂದು ಮೂಗಮ್ಮ ಸೆರಗು ಕೊಡವಿ ಎದ್ದಳು. ಚೌಡಯ್ಯ ನಗು ನುಂಗಿಕೊಂಡು ಹನ್ನೊಂದನೇ ಬೀಜ ಇಟ್ಟ.

"ಸಂತೇಲಿ ಎಷ್ಟಕ್ಕೆ ಮಾರ್ತೀಯಾ?" ಬೆಟ್ಟಮ್ಮ ಮತ್ತೆ ಕೇಳಿದಳು.

"ಕೊಟ್ಟಷ್ಟು ಕೊಡಿ ಅಂತೀನಿ. ನಮ್ಮಪ್ಪನೂ ಅಂಗೇ ಅಂತಿದ್ದ. ಏಳು ಕಾಸು ಬತ್ತದೆ."

"ನಿಮ್ಮಪ್ಪ ಅಂದಿದ್ದು ಊರೋರಿಗೆ ಕಣಣ್ಣ. ಅವ್ರು ವರ್ಸೆಲ್ಲಾ ಕೆಲ್ಸ ಮಾಡಿಸ್ಕೊಂಡು ಸುಗ್ಗೀಲಿ ಆಯ ಅಂತ ರಾಗಿ ಅಳೀತಾರೆ. ಸಂತೇಲಿ ಕೊಂಡೋನು ನಿನ್ಗೆ ಆಯ ತಂದು ಕೊಡ್ತಾನಾ?"

ಚೌಡಯ್ಯ ಬೀಜಗಳನ್ನೇ ದಿಟ್ಟಿಸಿದ. "ಅಂದ್ರೆ... ಕೊಂಡೋರಿಗೆಲ್ಲ ನಾನೇ ಕೈಯಿಂದ ನಾಲ್ಕು ಕಾಸು ಕೊಟ್ಟು ಕಳಿಸ್ತಿವ್ನಾ?"

"ಊಂ, ಧರ್ಮಪ್ರಭು! ಹದಿಮೂರು ಕಾಸು ಅನ್ನು. ಮೇಲಿನ ಎರಡು ಕಾಸು ಮುಟ್ಟಬ್ಯಾಡ. ಅದು ಮಳೆ ನಿಂತ್ಮೇಲೆ ಇದ್ದಲು ಕೊಳ್ಳಾಕೆ. ಮಳೇಗಾಲ್ದಲ್ಲಿ ಕೊಂಡ್ರೆ ದುಪ್ಪಟ್ಟು."

"ಹದಿಮೂರಾ? ಯಾರು ತಗೋತಾರೆ?"

ಅದನ್ನು ತಿಳಿಯಲು ಮೂಗಮ್ಮ ಮರುದಿನವೇ ಹೊಲಗಳ ಕಡೆ ಹೋದಳು. ರೈತರೆಲ್ಲರದ್ದೂ ಒಂದೇ ದೂರು: ಕುಡುಗೋಲಿನ ಹಿಡಿ ಸಡಿಲವಾಗುತ್ತದೆ, ಕೊಯ್ಲು ಶುರುವಾದ ಮೇಲೆ ಹೊಸದು ಸಿಗುವುದಿಲ್ಲ. ಮನೆಯ ಮೂಲೆಯಲ್ಲಿ ಮಾರಾಟವಾಗದೆ ಬಿದ್ದಿದ್ದ ನೇಗಿಲ ಕುಳಗಳನ್ನೇ ಕಾಯಿಸಿ, ಬಡಿದು, ಹಿಡಿ ಬಿಗಿ ಮಾಡಿ, ಕೊಯ್ಲಿಗೆ ಇಪ್ಪತ್ತು ದಿನ ಮೊದಲೇ ಗಂಡಹೆಂಡಿರು ನಲವತ್ತು ಕುಡುಗೋಲು ಹೊತ್ತು ಬೆಳ್ಳೂರು ಸಂತೆಗೆ ನಡೆದರು.

ಹದಿಮೂರು ಕಾಸು ಎಂದದ್ದು ಕೇಳಿ ಮೊದಲ ರೈತ ಹುಬ್ಬೇರಿಸಿದ. ಚೌಡಯ್ಯನ ಬಾಯಿಗೆ ಹಳೇ ಮಾತು ಬಂದೇಬಿಟ್ಟಿತು. "ಕೊಟ್ಟ..." ಅನ್ನುವಷ್ಟರಲ್ಲಿ ಮೂಗಮ್ಮ ಅವನ ಕಾಲು ತುಳಿದಳು. ರೈತ ಹಿಡಿ ಅಲ್ಲಾಡಿಸಿ ನೋಡಿದ, ಅಲುಗಲಿಲ್ಲ. ಹುಲ್ಲು ಸವರಿ ನೋಡಿದ. "ಎರಡು ಕೊಡಣ್ಣ," ಎಂದ. ಮಧ್ಯಾಹ್ನದ ಹೊತ್ತಿಗೆ ಒಂದೂ ಉಳಿಯಲಿಲ್ಲ. ಮೂಗಮ್ಮನಿಗೆ ಖುಷಿಯಿಂದ ಅಳುವೇ ಬಂತು.

ಕೊಯ್ಲು ಮುಗಿದ ಮೇಲೆ ಸಿಂಧಘಟ್ಟದ ಶಿವಣ್ಣ ಗಾಡಿ ಕಟ್ಟಿಕೊಂಡು ಬಂದ. ಮನೆಯ ಒಳಗೆ ಸೂರು ಮುಟ್ಟುವಂತೆ ಇದ್ದಲು ತುಂಬಿದ ಮಂಕರಿಗಳಿದ್ದವು.

"ಅಡಿಗಲ್ಲು ಕೊಡಾಕಿಲ್ಲ ಕಣಣ್ಣ," ಚೌಡಯ್ಯ ಸುತ್ತಿಗೆ ಎತ್ತಿದ. "ಕುಡುಗೋಲು ಬೇಕಾದ್ರೆ ಐತೆ. ಹದಿಮೂರು ಕಾಸು. ಅದ್ರಲ್ಲೊಂದು ನಮ್ಮೋಳ ಕೂಲಿ."

ಮೂಗಮ್ಮ ತಿದಿ ಒತ್ತಿದ ರಭಸಕ್ಕೆ ಕುಲುಮೆ ಧಗಧಗ ಉರಿಯಿತು.

ಅಕ್ಕಂದಿರೇ, ಅಣ್ಣಂದಿರೇ, ನೀವೂ ಹಪ್ಪಳ ಒತ್ತಿ, ಬಟ್ಟೆ ಹೊಲಿದು, ಹಾಲು ಕರೆದು ಮಾರುವವರಲ್ಲವೇ? ಇವತ್ತೇ ಒಂದು ಹಿಡಿ ಹುಣಸೆ ಬೀಜ ಮುಂದಿಟ್ಟುಕೊಂಡು ಕುಳಿತುಕೊಳ್ಳಿ. ಸಾಮಾನಿಗೆ, ಸೌದೆಗೆ, ನಾಳೆಯ ಬಂಡವಾಳಕ್ಕೆ ಬೀಜ ಇಡಿ. ಕೊಳ್ಳುವವರಿಗೆ ಏನು ಬೇಕು, ಯಾವಾಗ ಬೇಕು ಎಂದು ಕೇಳಿ ತಿಳಿಯಿರಿ. ಆಮೇಲೆ ಧೈರ್ಯವಾಗಿ ಬೆಲೆ ಹೇಳಿ. ಹೇಳುವ ಮುಂಚೆ ಒಮ್ಮೆ ನೋಡಿಕೊಳ್ಳಿ: ಮನೆಯಲ್ಲಿ ತಿದಿ ಒತ್ತುವವಳ ಬೀಜ ಆ ಸಾಲಿನಲ್ಲಿದೆಯೇ?