ನಿಮ್ಮಪ್ಪನಿಗೆ ಹೇಳು, ನಿಮ್ಮಮ್ಮನಿಗೆ ಹೇಳು

ಜೆರಾಕ್ಸ್ ಯಂತ್ರ ಮತ್ತೆ ಕಾಗದ ಕಚ್ಚಿಕೊಂಡಿತು, ಗುಮಾಸ್ತ ಅದಕ್ಕೆ ಬಾಯಿಗೆ ಬಂದ ಹಾಗೆ ಬೈಯುತ್ತಿದ್ದಾನೆ, ಅದಕ್ಕಾದರೂ ಬೈಸಿಕೊಳ್ಳುವ ಪುಣ್ಯವಿದೆ, ನನ್ನ ಗಂಟಲು ಕಟ್ಟಿದರೆ ಕೇಳುವವರಿಲ್ಲ, ವಿಚ್ಛೇದನಕ್ಕೆಂದು ಬಂದವರಿಗೆಲ್ಲ ಒಂದೇ ಉತ್ತರ — ಇಬ್ಬರೂ ಒಪ್ಪಿದರೆ ಬೇಗ, ಒಬ್ಬರು ಒಪ್ಪದಿದ್ದರೆ ವರ್ಷಗಟ್ಟಲೆ, ಇಲ್ಲ, ಮನೆ ಅವರ ಹೆಸರಲ್ಲಿದೆ ಅಂದ ಮಾತ್ರಕ್ಕೆ ನಿಮ್ಮನ್ನು ಬೀದಿಗೆ ತಳ್ಳುವ ಹಾಗಿಲ್ಲ, ಹೌದು, ಜೀವನಾಂಶ ಕೇಳಬಹುದು — ನಿದ್ದೆಯಲ್ಲಿ ಎಬ್ಬಿಸಿದರೂ ನಾಲಿಗೆ ತಾನೇ ಹೇಳುತ್ತದೆ, ಇನ್ನೊಬ್ಬರನ್ನು ಮುಗಿಸಿ ಮನೆಗೆ ಹೋಗಿ ಬಿದ್ದುಕೊಳ್ಳೋಣ ಎಂದು ಮುಂದಿನವರು ಬನ್ನಿ ಅಂದರೆ, ಒಳಗೆ ಬಂದು ಎದುರಿಗೆ ಕೂತವಳು ಅಮ್ಮ. ಚೀಲವನ್ನು ಮಡಿಲಲ್ಲಿ ಅವುಚಿಕೊಂಡು, ಇಲ್ಲಿ ಕೂರುವ ಎಲ್ಲರ ಹಾಗೆ. ಏನಮ್ಮಾ, ಫೋನ್ ಮಾಡಿದ್ರೆ ನಾನೇ ಬರ್ತಿರ್ಲಿಲ್ವಾ. ಮನೇಲಿ ಕೇಳೋ ವಿಷ್ಯ ಅಲ್ಲ ಕಣೇ, ನಂಗೆ ಡೈವೋರ್ಸ್ ಬೇಕು, ಎಷ್ಟು ದಿನ ಹಿಡಿಯುತ್ತೆ.

ಎಷ್ಟು ದಿನ ಹಿಡಿಯುತ್ತೆ, ಈ ವಯಸ್ಸಿನಲ್ಲಿ, ನಗು ಬಂತು, ಹಿಂದೆಯೇ ಅಳು ಬಂತು, ಎರಡನ್ನೂ ನುಂಗಿಕೊಂಡು ಇಬ್ಬರೂ ಒಪ್ಪಿದರೆ ಬೇಗ ಅಂದೆ — ಅಪ್ಪ ಒಪ್ಪುತ್ತಾರೋ ಇಲ್ಲವೋ ಇವಳಿಗೆ ಹೇಗೆ ಗೊತ್ತಾಗಬೇಕು, ಇವರಿಬ್ಬರೂ ಮಾತು ಬಿಟ್ಟಾಗ ನಾನಿನ್ನೂ ಪ್ರೈಮರಿ ಶಾಲೆಯಲ್ಲಿದ್ದೆ, ಯಾಕೆ ಬಿಟ್ಟರೆಂಬುದು ಈಗ ಅವರಿಗಾದರೂ ನೆನಪಿದೆಯೋ ಇಲ್ಲವೋ, ಒಂದೇ ಸೂರು, ಒಂದೇ ಅಡುಗೆ, ನಡುವಿನ ಬಾಗಿಲಲ್ಲಿ ನಾನು, ನಿಮ್ಮಮ್ಮನಿಗೆ ಹೇಳು ಉಪ್ಪು ಜಾಸ್ತಿ ಆಯ್ತು ಅಂತ, ನಿಮ್ಮಪ್ಪನಿಗೆ ಹೇಳು ನಾಲಿಗೆ ಜಾಸ್ತಿ ಆಯ್ತು ಅಂತ, ಇಬ್ಬರಿಗೂ ಕೇಳಿಸಿರುತ್ತದೆ, ಆದರೂ ನಾನು ಹೇಳಬೇಕು, ಎರಡನೆಯದನ್ನು ಸ್ವಲ್ಪ ಮೆತ್ತಗೆ ಮಾಡಿ ಹೇಳುತ್ತಿದ್ದೆ, ವಕೀಲಿಕೆ ಕಲಿತದ್ದು ಅಲ್ಲೇ ಇರಬೇಕು. ಮದುವೆಯಾಗಿ ಬೇರೆ ಮನೆ ಸೇರಿದರೂ ಬಿಡುಗಡೆಯಿಲ್ಲ, ಫೋನು ಇದೆಯಲ್ಲ ಹಾಳಾದ್ದು, ನಿನ್ನೆಯೂ ಅಪ್ಪ ಮಾಡಿದ್ದರು, ಪಕ್ಕದ ರೂಮಲ್ಲಿ ಟಿವಿ ಅರಚ್ಕೊಳ್ತಿದೆ, ಸಣ್ಣ ಮಾಡೋಕೆ ಹೇಳು ನಿಮ್ಮಮ್ಮನಿಗೆ, ನಾನು ಕೋರ್ಟಿನ ಕಾರಿಡಾರಿನಲ್ಲಿ ನಿಂತು ಅಮ್ಮನಿಗೆ ಫೋನ್ ಮಾಡಿ ಟಿವಿ ಸಣ್ಣ ಮಾಡಿಸುತ್ತಿದ್ದೇನೆ, ಒಳಗೆ ನನ್ನ ಕೇಸು ಕೂಗಿದ್ದೂ ಕಿವಿಗೆ ಬೀಳಲಿಲ್ಲ.

ಸಾಕಾಗಿದೆ, ನಿಜವಾಗಿ ಸಾಕಾಗಿದೆ ನನಗೆ, ಬೇರೆಯಾಗುವುದಾದರೆ ಆಗಿಬಿಡಲಿ ಅನ್ನಿಸುತ್ತದೆ — ಕಾರಣ ಹೇಳ್ಬೇಕಾ, ಅಮ್ಮ ಕೇಳುತ್ತಿದ್ದಾಳೆ, ಹೇಳ್ಬೇಕಮ್ಮ, ಹೊಡಿಯಲ್ಲ ಕುಡಿಯಲ್ಲ ಅಂದ್ರೂ ಕೊಡ್ತಾರಾ, ನೋಡ್ಬೇಕು, ಕೇಸು ನೀನೇ ನಡೆಸ್ತೀಯಾ, ಇಲ್ಲ, ನಾನು ನಡೆಸೋದು ಸರಿಯಲ್ಲ, ನನ್ನ ಗೆಳತಿಗೆ ಹೇಳ್ತೀನಿ, ಮತ್ತೆ ನೋಟೀಸು ನಿಮ್ಮಪ್ಪನಿಗೆ ಯಾರು ಕೊಡ್ತಾರೆ, ಕೋರ್ಟಿನವರು, ನೀನಲ್ವಾ, ನಾನಲ್ಲಮ್ಮ — ಅವಳಿಗೆ ಅದು ನಂಬಿಕೆಯೇ ಆಗಲಿಲ್ಲ. ಆಮೇಲೆ ಏನು ಮಾಡ್ತಾರೆ. ಮೊದಲು ಸಂಧಾನಕ್ಕೆ ಕಳಿಸ್ತಾರೆ, ಇಬ್ಬರನ್ನೂ ಒಂದೇ ಕೋಣೇಲಿ ಎದುರುಬದುರು ಕೂರಿಸಿ ಮಾತಾಡಿಸ್ತಾರೆ. ಎದುರುಬದುರಾ. ಹೂಂ. ನಿಮ್ಮಪ್ಪ ನನ್ನ ಹತ್ರಾನೇ ಮಾತಾಡ್ಬೇಕಾ. ಹೂಂ. ನೀನೂ ಒಳಗಿರ್ತೀಯಾ. ಇಲ್ಲಮ್ಮ, ನನ್ನ ಬಿಡಲ್ಲ. ಅಮ್ಮನ ಕೈ ಚೀಲದ ಮೇಲಿನ ಹಿಡಿತ ಬಿಟ್ಟಿತು, ಕಿವಿಯ ಹಿಂದಕ್ಕೆ ಕೂದಲು ಸರಿಸಿಕೊಂಡಳು, ಯಾರೋ ನೋಡಲು ಬರುತ್ತಾರೆ ಅನ್ನುವ ಹಾಗೆ. ಹಾಗಾದ್ರೆ ಕೇಸು ಹಾಕೇ, ಅಂದಳು, ನಾಳೇನೇ ಹಾಕ್ಸು. ನಿನಗೆ ಬೇಕಾದದ್ದು ಡೈವೋರ್ಸೋ ಆ ಕೋಣೆಯೋ ಎಂದು ಕೇಳುವ ಬದಲು ಫೋನಿನಲ್ಲಿ ಗೆಳತಿಯ ನಂಬರು ಹುಡುಕಿದೆ.

ಆ ಕೋಣೆ ನನಗೆ ಗೊತ್ತು, ಬಾಗಿಲು ಹಾಕಿದರೆ ಹೊರಗೆ ಪಿಸುಮಾತೂ ಕೇಳಿಸುವುದಿಲ್ಲ, ಗೋಡೆಗೆ ಎಂದೋ ಬಳಿದ ಹಸಿರು ಬಣ್ಣ, ಎದುರುಬದುರು ಎರಡು ಕುರ್ಚಿ, ಮಧ್ಯಸ್ಥರು ಸ್ವಲ್ಪ ಹೊತ್ತಿನ ಮೇಲೆ ಬೇಕೆಂದೇ ಆಚೆ ಹೋಗುತ್ತಾರೆ, ಆಗ ಅಪ್ಪ ಒಂದರಲ್ಲಿ ಅಮ್ಮ ಇನ್ನೊಂದರಲ್ಲಿ, ಅಪ್ಪ ಅಭ್ಯಾಸಬಲದಿಂದ ಪಕ್ಕಕ್ಕೆ ತಿರುಗಿ ನಿಮ್ಮಮ್ಮನಿಗೆ ಹೇಳು ಅನ್ನುತ್ತಾರೆ, ಪಕ್ಕದಲ್ಲಿ ಗೋಡೆ, ಮತ್ತೆ ಇತ್ತ ತಿರುಗುತ್ತಾರೆ, ಎರಡು ಕುರ್ಚಿ, ನಡುವೆ ಯಾರೂ ಇಲ್ಲ, ಎರಡೇ ಕುರ್ಚಿ