ನಾಲ್ಕನೇ ಕ್ರಾಸಿನ ಸೈಕಲ್ಲು

ಇಪ್ಪತ್ತೊಂದು ಗೇರುಗಳಿರುವ ಸೈಕಲ್ಲು ನಾನು. ಅದರಲ್ಲಿ ಹದಿನೆಂಟನ್ನು ಇವತ್ತಿನವರೆಗೂ ಯಾರೂ ಹಾಕಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ನಾನು ಮಾತುಮಾತಿಗೂ ಸಿಡುಕಿದರೆ ಕಾರಣ ಏನೆಂದು ನಿಮಗೆ ಗೊತ್ತಿರಲಿ.

ಹುಟ್ಟಿದ್ದು ಲುಧಿಯಾನದ ಒಂದು ಕಾರ್ಖಾನೆಯಲ್ಲಿ. ಹುಟ್ಟಿದ ಕೂಡಲೇ ನನ್ನ ಗಾಲಿ, ಹ್ಯಾಂಡಲ್ಲು, ಪೆಡಲ್ಲು ಎಲ್ಲವನ್ನೂ ಬಿಚ್ಚಿ ರಟ್ಟಿನ ಪೆಟ್ಟಿಗೆಗೆ ತುಂಬಿದರು. ಅರ್ಧ ದೇಶ ದಾಟಿ ಬಂದವನು ನಾನು, ಆದರೆ ದಾರಿಯಲ್ಲಿ ಒಂದು ಮರವನ್ನೂ ನೋಡಲಿಲ್ಲ. ಹುಬ್ಬಳ್ಳಿಯ ಅಂಗಡಿಯಲ್ಲಿ ಪೆಟ್ಟಿಗೆ ಒಡೆದು ಮತ್ತೆ ಜೋಡಿಸಿದರು. ನನ್ನ ಹ್ಯಾಂಡಲ್ಲಿಗೆ ಒಂದು ಚೀಟಿ ನೇತುಹಾಕಿದ್ದರು. ಅದರಲ್ಲಿ ಬೆಟ್ಟದ ಚಿತ್ರ, ಬೆಟ್ಟದ ಮೇಲೆ ನನ್ನಂಥದೇ ಒಂದು ಸೈಕಲ್ಲು. ಆ ಚೀಟಿಯನ್ನು ನಾನು ನಂಬಿದೆ. ತಪ್ಪು ಆಗಿದ್ದು ಅಲ್ಲೇ.

ಎರಡು ಸಾವಿರದ ಇಪ್ಪತ್ತರ ಜನವರಿಯಲ್ಲಿ ಧಾರವಾಡದ ಫಕ್ಕೀರೇಶ ಎಂಬವನು ನನ್ನನ್ನು ಕೊಂಡ. ವಿಮಾ ಕಚೇರಿಯಲ್ಲಿ ಕ್ಲಾರ್ಕು, ವಯಸ್ಸು ಐವತ್ತೊಂದು, ಹೊಟ್ಟೆ ಸ್ವಲ್ಪ ಮುಂದೆ. ಆದರೆ ಉತ್ಸಾಹಕ್ಕೆ ಕಡಿಮೆಯಿರಲಿಲ್ಲ. ಮನೆಗೆ ತಂದ ದಿನವೇ ಹೆಂಡತಿ ನೀಲಗಂಗಾಳ ಎದುರು ಘೋಷಿಸಿದ, "ಯುಗಾದಿ ಮುಗದ ಮರದಿನ ದಾಂಡೇಲಿಗೆ ಹೋಗಾಂವ ನಾನು. ಇದರ ಮ್ಯಾಲೆನ."

ದಾಂಡೇಲಿ! ಐವತ್ತೈದು ಕಿಲೋಮೀಟರು, ಏರು, ಇಳಿಜಾರು, ಕಾಡು, ಹೊಳೆ. ನನ್ನ ಇಪ್ಪತ್ತೊಂದು ಗೇರಿಗೂ ಕೆಲಸ ಸಿಗುತ್ತದೆ ಎಂದು ನಾನು ದಿನ ಎಣಿಸಿದೆ. ಯುಗಾದಿ ಬಂತು. ಅದರ ಜೊತೆಗೇ ಲಾಕ್‌ಡೌನೂ ಬಂತು. ಬೇವುಬೆಲ್ಲದ ದಿನವೇ ಇಡೀ ದೇಶಕ್ಕೆ ಬೀಗ. ಮನುಷ್ಯರಿಗೆ ಬಂದ ರೋಗ ದೊಡ್ಡದು, ಒಪ್ಪುತ್ತೇನೆ. ಆದರೂ ನನಗೆ ಬಂದ ಸಿಟ್ಟು ಸಣ್ಣದಾಗಿರಲಿಲ್ಲ.

ಫಕ್ಕೀರೇಶನೂ ಮೊದಲ ಹತ್ತು ದಿನ ಮನೆಯೊಳಗೇ ಚಡಪಡಿಸಿದ. ಆಮೇಲೆ ಒಂದು ಉಪಾಯ ಹುಡುಕಿದ. ಬೆಳಿಗ್ಗೆ ಹತ್ತರವರೆಗೆ ಕಾಯಿಪಲ್ಯ ತರಲು ಬಿಡುತ್ತಿದ್ದರಷ್ಟೆ. ಅವನು ಅಡುಗೆಮನೆಯ ಮೂಲೆಯಲ್ಲಿದ್ದ ಒಂದು ಕುಂಬಳಕಾಯಿಯನ್ನು ಬಟ್ಟೆಯ ಚೀಲಕ್ಕೆ ಹಾಕಿ ನನ್ನ ಹ್ಯಾಂಡಲ್ಲಿಗೆ ನೇತುಬಿಟ್ಟ. ಪೊಲೀಸರು ಕೇಳಿದರೆ ಸಂತೆಯಿಂದ ಬರುತ್ತಿದ್ದೇನೆ ಎಂದು ತೋರಿಸಲು. ದಿನಾ ಬೆಳಿಗ್ಗೆ ನಾನು, ಫಕ್ಕೀರೇಶ, ಆ ಕುಂಬಳಕಾಯಿ, ಮೂವರೂ ವಾಯುವಿಹಾರಕ್ಕೆ ಹೊರಡುತ್ತಿದ್ದೆವು. ಬಡಾವಣೆಯ ಸುತ್ತ ಮೂರು ಸುತ್ತು, ಸರ್ಕಲ್ಲಿನವರೆಗೆ ಒಂದು ಸಲ, ಮತ್ತೆ ಮನೆ. ಚೀಲ ನನ್ನ ಮುಂದಿನ ಗಾಲಿಗೆ ಧಪಧಪ ಬಡಿಯುತ್ತಿತ್ತು. ಕಾಡು ನೋಡಬೇಕಾದವನು ಕುಂಬಳಕಾಯಿಯ ಏಟು ತಿನ್ನುತ್ತ ಗಾಣದೆತ್ತಿನ ಹಾಗೆ ತಿರುಗಿದೆ.

ಒಂಬತ್ತನೆಯ ದಿನ ಸರ್ಕಲ್ಲಿನ ಪೊಲೀಸಪ್ಪ ಕೈ ಅಡ್ಡ ಹಿಡಿದ.

"ಎಲ್ಲಿಗೆ ಹೋಗಿದ್ರಿ ಸರ?"

"ಕಾಯಿಪಲ್ಯಾ ತರಾಕ್ರೀ."

ಪೊಲೀಸಪ್ಪ ಚೀಲದ ಬಾಯಿ ಅಗಲಿಸಿ ಇಣುಕಿದ. "ಸರ, ಒಂದ ವಾರದಿಂದ ಈ ಕುಂಬಳಕಾಯಿನ್ನ ಹವಾ ತಿನ್ನಾಕ ಕರಕೊಂಡ ಹೋಗಾಕತ್ತೀರಲ್ರೀ. ದೇಟಿಗೆ ಸುಣ್ಣಾ ಬ್ಯಾರೆ ಹಚ್ಚೀರಿ, ನನಗ ಗುರ್ತ ಸಿಗಾಂಗಿಲ್ಲೇನು? ಮನಿಯಾಗ ಕೊಯ್ಯಾಕ ಈಳಿಗಿ ಇಲ್ಲ?"

ಹೀಗೆ ಹೇಳಿ ಬಗ್ಗಿ ನನ್ನ ಎರಡೂ ಗಾಲಿಗಳ ಗಾಳಿ ಬಿಟ್ಟುಬಿಟ್ಟ. ಫಕ್ಕೀರೇಶ ಕಿವಿಯವರೆಗೂ ಕೆಂಪಾಗಿ ನನ್ನನ್ನು ತಳ್ಳಿಕೊಂಡು ಮನೆಗೆ ಬಂದ. ನೀಲಗಂಗಾ ಚೀಲದಿಂದ ಕುಂಬಳಕಾಯಿ ತೆಗೆದು ಕೊಯ್ದು ಪಲ್ಯ ಮಾಡಿದಳು. ಫಕ್ಕೀರೇಶ ಉಣ್ಣುತ್ತ, "ಇನ್ನ ಆ ಸೈಕಲ್ ಮುಟ್ಟಿದ್ರ ಕೇಳು" ಎಂದ. ವರಾಂಡದಲ್ಲಿ ಗಾಳಿಯಿಲ್ಲದೆ ನಿಂತಿದ್ದ ನನಗೂ ಅದು ಕೇಳಿಸಿತು.

ನೀಲಗಂಗಾ ಮನೆಯಲ್ಲೇ ಕುಬಸ ಹೊಲಿಯುವವಳು. ವಯಸ್ಸು ನಲವತ್ತೇಳು. ಆ ವರ್ಷ ಮದುವೆಗಳೆಲ್ಲ ನಿಂತುಹೋಗಿ ಅವಳ ಮಷೀನು ಸುಮ್ಮನೆ ಕೂತಿತ್ತು. ಎರಡು ದಿನ ಬಿಟ್ಟು ಅವಳು ಎದುರುಮನೆಯ ಪದ್ಮಾವತಿಬಾಯಿಯವರ ಹತ್ತಿರ ಹಳೆಯ ಪಂಪು ಕೇಳಿ ತಂದಳು. ನನಗೆ ತಾನೇ ಗಾಳಿ ಹೊಡೆದಳು. ಆಮೇಲೆ ಗಂಡನ ಎದುರು ಬಂದು ನಿಂತಳು.

"ರೀ, ನನಗ ಸೈಕಲ್ ಕಲಸ್ರಿ."

"ತಲಿ ಕೆಟ್ಟೈತೇನ ನೀಲಾ? ಈ ವಯಸ್ಸಿನ್ಯಾಗ? ಮಂದಿ ನೋಡ್ತಾರ."

"ಮಂದಿಗೆ ಹೊರಗ ಬರಾಕ ಪರವಾನಗಿ ಎಲ್ಲೈತ್ರೀ?"

ಅವಳು ಬಿಡಲಿಲ್ಲ. "ನಮ್ಮಣ್ಣ ಸೈಕಲ್ ಕಲಿಯುವಾಗ ಹಿಂದ ಕ್ಯಾರಿಯರ್ ಹಿಡಕೊಂಡ ಓಡಿದಾಕಿ ನಾನು. ಎರಡ ತಿಂಗಳ ಓಡೀನಿ. ನಾ ಕಲತ ಮ್ಯಾಲ ನಿನ್ನ ಪಾಳಿ ಅಂದಿದ್ದ. ಅಂವ ಕಲತ, ಬೆಲ್ ಹೊಡಕೊಂತ ಹೋದ. ನನಗ ಹಿಡಿಯಾಕ ಯಾರೂ ಬರಲಿಲ್ಲ. ಈಗ ರೋಡ್ ಖಾಲಿ ಐತಿ, ಮಾರಿಗೆ ಮಾಸ್ಕ್ ಐತಿ, ನೀವೂ ಮನ್ಯಾಗ ಅದೀರಿ. ಇಂಥಾ ದಿನ ನನಗ ಮತ್ತ ಬರಾಂಗಿಲ್ಲ."

ಮರುದಿನ ಬೆಳಕು ಹರಿಯುವ ಹೊತ್ತಿಗೆ ನನ್ನ ಕಷ್ಟ ಶುರುವಾಯಿತು. ಎರಡು ಹಳೆಯ ನೈಟಿಗಳ ಹೊಲಿಗೆ ಬಿಚ್ಚಿ ಅವಳು ಒಂದು ಸಡಿಲ ಪೈಜಾಮ ಹೊಲಿದುಕೊಂಡಿದ್ದಳು. ನಮ್ಮ ನಾಲ್ಕನೇ ಕ್ರಾಸು ಒಂದು ಕಡೆ ಪಾರ್ಕಿನ ಗೋಡೆಗೆ ಮುಗಿಯುತ್ತದೆ. ಇನ್ನೊಂದು ಕಡೆ ದೊಡ್ಡ ರಸ್ತೆಗೆ ಸೇರುವಲ್ಲಿ ಪೊಲೀಸರು ಬಿದಿರಿನ ಗಳ ಅಡ್ಡ ಕಟ್ಟಿದ್ದರು. ಗೋಡೆಯಿಂದ ಗಳದವರೆಗೆ ಹನ್ನೆರಡು ಮನೆ. ಅಷ್ಟೇ ನನ್ನ ಪ್ರಪಂಚ. ಫಕ್ಕೀರೇಶ ಸೀಟು ಹಿಡಿದು ಹಿಂದೆ ಏದುಸಿರು ಬಿಡುತ್ತ ಓಡುತ್ತಿದ್ದ. ಇವಳು ಬ್ರೇಕು ಹಿಡಿದುಕೊಂಡೇ ಪೆಡಲ್ಲು ತುಳಿಯುತ್ತಿದ್ದಳು. ಗೇರು ಎಂದರೆ ಏನೆಂದು ಅವಳಿಗೆ ಗೊತ್ತಿರಲಿಲ್ಲ, ಗೊತ್ತುಮಾಡಿಕೊಳ್ಳುವ ಮನಸ್ಸೂ ಇರಲಿಲ್ಲ. ನನ್ನ ಹೊಳೆಯುವ ಮೈಯನ್ನು ನಾಲ್ಕು ಕಾಂಪೌಂಡು ಗೋಡೆಗಳಿಗೆ ಉಜ್ಜಿದಳು. ಒಂದು ಸಲ ತುಳಸಿಕಟ್ಟೆಗೆ ಗುದ್ದಿಸಿದಳು. ನಾನು ಅವಳನ್ನು ಮನಸಾರೆ ಶಪಿಸಿದೆ.

ಪದ್ಮಾವತಿಬಾಯಿ ಮೊದಲ ದಿನ ಕಿಟಕಿಯಿಂದ ನೋಡಿ ಬಾಯಿಗೆ ಸೆರಗು ಹಿಡಿದರು. ನಾಲ್ಕನೆಯ ದಿನಕ್ಕೆ ಚಹಾದ ಕಪ್ಪು ಹಿಡಿದುಕೊಂಡು ಗೇಟಿಗೇ ಬಂದು ನಿಲ್ಲತೊಡಗಿದರು. "ನೀಲಾ, ಕೆಳಗ ಯಾಕ ನೋಡ್ತೀ? ಮುಂದ ನೋಡು! ಎಡಕ್ಕ ವಾಲಬ್ಯಾಡ!" ಹುಟ್ಟಿದಾಗಿನಿಂದ ಸೈಕಲ್ಲು ಮುಟ್ಟದವರು ಅವರು. ಆದರೂ ಹೇಳಿದ್ದು ಸರಿಯಾಗಿಯೇ ಇತ್ತು.

ಮೇ ತಿಂಗಳ ಹೊತ್ತಿಗೆ ಫಕ್ಕೀರೇಶನ ಕೈ ಬಿಟ್ಟರೂ ಅವಳು ಬೀಳದೆ ಹೋಗುವಂತಾದಳು. ಅವನಿಗೇ ಬಿಡಲು ಹೆದರಿಕೆ. "ಬಿಡ್ರೀ, ಬಿಡ್ರಿ ಅಂದ್ರ!" ಎಂದು ಅವಳೇ ಕೂಗಿ ಬಿಡಿಸಿಕೊಂಡಳು. ಗಳದವರೆಗೆ ಒಬ್ಬಳೇ ಹೋಗಿ ಕಾಲು ಊರಿ ನಿಂತಳು. ಗಳದ ಆಚೆಗೆ ದೊಡ್ಡ ರಸ್ತೆ, ಅದನ್ನು ದಾಟಿದರೆ ಕೆಲಗೇರಿ ಕೆರೆಯವರೆಗೂ ಇಳಿಜಾರು. ಒಂದು ನಾಯಿಯೂ ಇರಲಿಲ್ಲ. ಅವಳು ಗಂಡನಿಗೆ ಹೇಳಿದಳು, "ನೋಡ್ರಿ, ಕೆರಿಮಟಾ ಇಳಕಲಾ. ಪೆಡಲ್ ತುಳೀಲಾರದ ಹೋಗಬೇಕು. ದಂಡಿಗೆ ಹೋಗಿ ಹಿಂಗ ಒಂದ ಕಾಲ ಊರಿ ನಿಂತ, ನೀರ ನೋಡಬೇಕು. ಅಷ್ಟ ಸಾಕು ನನಗ."

"ಗಳಾ ದಾಟಿದ್ರ ಮತ್ತ ಗಾಳಿ ಬಿಡ್ತಾನ ಅಂವ" ಎಂದ ಫಕ್ಕೀರೇಶ.

ಅವಳ ಸಂಕಟ ಅದೇ. ರಸ್ತೆ ಖಾಲಿಯಿರುವಾಗ ಹೋಗಲು ಬಿಡುವುದಿಲ್ಲ. ಬಿಡುವ ದಿನ ರಸ್ತೆ ಖಾಲಿಯಿರುವುದಿಲ್ಲ. ಟೀವಿಯಲ್ಲಿ ಲಾಕ್‌ಡೌನ್ ಮುಂದುವರಿಯಿತು ಎಂದಾಗಲೆಲ್ಲ ಫಕ್ಕೀರೇಶ ತಲೆಯ ಮೇಲೆ ಕೈ ಹೊತ್ತುಕೊಳ್ಳುತ್ತಿದ್ದ. ನೀಲಗಂಗಾ ಮಾತ್ರ ಮರುದಿನದ ಸವಾರಿಗೆಂದು ಹಗ್ಗದ ಮೇಲಿನ ಪೈಜಾಮ ತೆಗೆದು ಮಡಚಿಡುತ್ತಿದ್ದಳು. ನಾನು ವರಾಂಡದಿಂದ ಬೇಡಿಕೊಳ್ಳುತ್ತಿದ್ದೆ. ಊರು ತೆರೆಯಲಿ, ಈ ಹನ್ನೆರಡು ಮನೆಗಳ ಶಿಕ್ಷೆ ಮುಗಿಯಲಿ, ಇವಳ ಕೈಯಿಂದ ಬಿಡಿಸಿ ನನ್ನನ್ನು ದಾಂಡೇಲಿಗೆ ಕಳಿಸಲಿ ಎಂದು.

ನನ್ನ ಬೇಡಿಕೆ ಈಡೇರಿತು. ಜೂನ್ ಮೊದಲ ವಾರ ಗಳ ಬಿಚ್ಚಿದರು.

ಬಿಚ್ಚಿದ ಮರುದಿನ ಬೆಳಿಗ್ಗೆಯೇ ನೀಲಗಂಗಾ ನನ್ನನ್ನು ಹತ್ತಿ ದೊಡ್ಡ ರಸ್ತೆಗೆ ಬಂದಳು. ಫಕ್ಕೀರೇಶ ಬರುತ್ತೇನೆಂದರೆ ಬೇಡವೆಂದಳು. ಎರಡು ತಿಂಗಳು ಒಳಗಿದ್ದ ಧಾರವಾಡವೆಲ್ಲ ಆ ದಿನ ರಸ್ತೆಯ ಮೇಲಿತ್ತು. ಟಂಟಂ, ಬೈಕು, ಹಾಲಿನ ಗಾಡಿ, ಮರಳಿನ ಲಾರಿ. ಅವಳು ಅರ್ಧ ರಸ್ತೆ ದಾಟಿ ನಿಂತಳು. ಹಿಂದಿನಿಂದ ಲಾರಿ ಹಾರ್ನು ಹೊಡೆಯಿತು. ಅವಳ ಅಂಗೈ ಬೆವರಿ ನನ್ನ ಹಿಡಿಕೆ ಜಾರುತ್ತಿತ್ತು. ಅಷ್ಟರಲ್ಲಿ ಸ್ಕೂಟರಿನ ಮೇಲೆ ಹೋಗುತ್ತಿದ್ದ ಒಬ್ಬ ಹೆಂಗಸು, ಕುಬಸ ಹೊಲಿಸಿಕೊಳ್ಳಲು ಬರುವವಳು, ಗಕ್ಕನೆ ನಿಂತು ನೋಡಿದಳು. "ಅಯ್ಯ, ನೀಲಕ್ಕಾರ! ಮಾಸ್ಕನ್ಯಾಗ ಗುರ್ತ ಸಿಗಲಿಲ್ರೀ! ಏನಿದು ಅವತಾರ?" ಎಂದು ಪೈಜಾಮ ನೋಡಿ ಗೊಳ್ಳೆಂದು ನಕ್ಕಳು. ಕೆಟ್ಟ ಮನಸ್ಸಿನ ನಗುವಲ್ಲ. ಆದರೆ ಸುತ್ತಲಿದ್ದವರೆಲ್ಲ ತಿರುಗಿ ನೋಡಿದರು.

ನೀಲಗಂಗಾ ಇಳಿದಳು. ಮಾಸ್ಕನ್ನು ಕಣ್ಣಿನ ತನಕ ಎಳೆದುಕೊಂಡು ನನ್ನನ್ನು ತಳ್ಳುತ್ತ ನಾಲ್ಕನೇ ಕ್ರಾಸಿಗೆ ಬಂದಳು. ಪಂಪನ್ನು ಪದ್ಮಾವತಿಬಾಯಿಯವರಿಗೆ ಹಿಂದಿರುಗಿಸಿದಳು. ನಾನು ಆಗ ಒಳಗೊಳಗೇ ಖುಷಿಪಟ್ಟೆ, ಸುಳ್ಳು ಹೇಳುವುದಿಲ್ಲ. ಇನ್ನು ನಾನು ಪೂರ್ತಿ ದಾಂಡೇಲಿಯ ಪಾಲು ಎಂದುಕೊಂಡೆ.

ಭಾನುವಾರ ಫಕ್ಕೀರೇಶ ನನ್ನನ್ನು ಒರೆಸಿ, ನೀರಿನ ಬಾಟಲಿ ಸಿಕ್ಕಿಸಿ, ಹಳಿಯಾಳ ರಸ್ತೆ ಹಿಡಿದ. ಮೊದಲ ಏರಿನಲ್ಲೇ ಗೇರು ಬದಲಿಸಿದ, ಎರಡನೆಯದರಲ್ಲಿ ಮತ್ತೊಮ್ಮೆ. ಆ ಎರಡು ಕ್ಷಣ ನಾನು ಎಷ್ಟು ಹಗುರಾದೆನೆಂದು ಹೇಳಲು ಬರುವುದಿಲ್ಲ. ಹದಿನೈದನೆಯ ಕಿಲೋಮೀಟರಿನ ಹತ್ತಿರ, ಸಾಗವಾನಿ ಮರಗಳು ಅಲ್ಲೊಂದು ಇಲ್ಲೊಂದು ಕಾಣತೊಡಗಿದಾಗ, ಅವನ ಮೊಣಕಾಲು ಹಿಡಿದುಕೊಂಡಿತು. ರಸ್ತೆಯ ಪಕ್ಕ ಕೂತು ಒಂದು ತಾಸು ಕಾಲು ಉಜ್ಜಿಕೊಂಡ. ಕೊನೆಗೆ ಒಂದು ಟೆಂಪೋ ನಿಲ್ಲಿಸಿ, ನನ್ನನ್ನು ಜೋಳದ ಚೀಲಗಳ ಮೇಲೆ ಅಂಗಾತ ಮಲಗಿಸಿ ಊರಿಗೆ ತಂದ. ಲುಧಿಯಾನದಿಂದ ಬಂದಿದ್ದೂ ಮಲಗಿಕೊಂಡೇ, ಈಗ ತಿರುಗಿದ್ದೂ ಮಲಗಿಕೊಂಡೇ. ಡಾಕ್ಟರು ಅವನಿಗೆ ಇನ್ನು ಸೈಕಲ್ಲು ಬೇಡವೆಂದರಂತೆ.

ಆಮೇಲೆ ಹೇಳುವಂಥದ್ದೇನೂ ನಡೆಯಲಿಲ್ಲ. ವರಾಂಡದ ಮೂಲೆಯಲ್ಲಿ ನಿಂತೆ. ಹ್ಯಾಂಡಲ್ಲಿನ ಮೇಲೆ ಟವೆಲ್ಲು, ಸೀಟಿನ ಮೇಲೆ ಶಾವಿಗೆ ಒಣಹಾಕಿದ ತಟ್ಟೆ. ಟೈರಿನ ಗಾಳಿ ತಾನಾಗಿಯೇ ಇಳಿಯಿತು. ಮದುವೆಗಳು ಮತ್ತೆ ಶುರುವಾಗಿ ನೀಲಗಂಗಾಳ ಮಷೀನು ದಿನವಿಡೀ ಓಡುತ್ತಿತ್ತು. ಅವಳು ಹಾದುಹೋಗುವಾಗ ಒಮ್ಮೊಮ್ಮೆ ನನ್ನ ಬೆಲ್ಲು ಒಂದು ಸಲ ಬಾರಿಸುತ್ತಿದ್ದಳು. ಆ ಸದ್ದು ಕೇಳಿದಾಗಲೆಲ್ಲ ನನಗೆ ನನ್ನ ಮೇಲೆಯೇ ಸಿಟ್ಟು ಬರುತ್ತಿತ್ತು. ಆ ಹನ್ನೆರಡು ಮನೆಗಳ ದಾರಿಯಲ್ಲಿ ನನ್ನನ್ನು ಒಬ್ಬಳು ಇಷ್ಟೊಂದು ಬಯಸಿ ಹತ್ತಿದ್ದಳು, ನಾನು ಅವಳ ವಿರುದ್ಧವೇ ಬೇಡಿಕೊಂಡಿದ್ದೆ.

ಹೀಗೆ ಎರಡು ವರ್ಷಕ್ಕೂ ಹೆಚ್ಚು ಕಾಲ ಹೋಯಿತು. ನಡುವೆ ಎರಡನೇ ಲಾಕ್‌ಡೌನ್ ಬಂದಾಗ ಮತ್ತೆ ಗಳ ಕಟ್ಟಿದ್ದರು. ಒಂದು ಸಂಜೆ ಫಕ್ಕೀರೇಶ ಪೇಪರು ಓದುತ್ತ, "ನಾಳೆ ಬಂದ್ ಅಂತ. ಬಸ್ಸಿಲ್ಲ, ಆಟೋ ಇಲ್ಲ, ಅಂಗಡಿ ಇಲ್ಲ" ಎಂದ. ಒಳಗೆ ಮಷೀನು ನಿಂತಿತು.

"ಗಳಾ ಕಟ್ಟತಾರೇನ್ರೀ?" ಎಂದು ನೀಲಗಂಗಾ ಕೇಳಿದಳು.

"ಬಂದ್‌ಗೆ ಯಾಕ ಗಳಾ ಕಟ್ಟತಾರ? ಮಂದಿ ತಾವ ಮನ್ಯಾಗ ಇರ್ತಾರ."

ಬೆಳಿಗ್ಗೆ ಆರಕ್ಕೆ ಅವಳು ಪೈಜಾಮ ಹಾಕಿಕೊಂಡು ಬಂದಳು. ಸೀಟಿನ ಮೇಲಿನ ತಟ್ಟೆ ಎತ್ತಿಟ್ಟಳು. ನನ್ನ ಟೈರು ಒತ್ತಿದಳು. ಬೆರಳು ನೆಲದವರೆಗೆ ಹೋಯಿತು. ಓಡಿಹೋಗಿ ಪದ್ಮಾವತಿಬಾಯಿಯವರ ಬಾಗಿಲು ಬಡಿದು ಪಂಪು ತಂದಳು. ಎಷ್ಟು ಹೊಡೆದರೂ ಗಾಳಿ ನನ್ನೊಳಗೆ ಬರಲಿಲ್ಲ, ಪಂಪಿನ ಮೇಲಿನಿಂದಲೇ ಪುಸ್ಸೆಂದು ಹೋಗುತ್ತಿತ್ತು. ಬಿಚ್ಚಿ ನೋಡಿದರೆ ಒಳಗಿನ ಚರ್ಮದ ವಾಷರು ಒಣಗಿ ಸೀಳಿತ್ತು. ಕೊಬ್ಬರಿ ಎಣ್ಣೆ ಹಚ್ಚಿದಳು, ದಾರ ಸುತ್ತಿದಳು, ಮತ್ತೆ ಹೊಡೆದಳು. ಬೆವರು ಹಣೆಯಿಂದ ಹರಿದು ಮೂಗಿನ ತುದಿಗೆ ಬಂತು. ಹೊಸ ವಾಷರು ತರೋಣವೆಂದರೆ ಅಂಗಡಿ ಇಲ್ಲ. ಪಂಕ್ಚರಿನವನೂ ಇಲ್ಲ. ಊರು ಬಂದ್.

"ನೀಲಾ, ಬಿಡು ಇನ್ನ" ಎಂದ ಫಕ್ಕೀರೇಶ.

ಅವಳು ಪಂಪನ್ನು ನೆಲಕ್ಕೆ ಕುಕ್ಕಿದಳು. ನಂತರ ನನ್ನ ಸ್ಟ್ಯಾಂಡು ತೆಗೆದು, ಒಂದು ಕೈಯಲ್ಲಿ ಹ್ಯಾಂಡಲ್ಲು, ಇನ್ನೊಂದು ಕೈಯಲ್ಲಿ ಸೀಟಿನ ಹಿಂಭಾಗ ಹಿಡಿದು ತಳ್ಳಿಕೊಂಡು ಹೊರಟಳು. ಗಾಳಿಯಿಲ್ಲದ ಟೈರಿನ ಮೇಲೆ ಪ್ರತಿ ಹೆಜ್ಜೆಗೂ ನನ್ನ ರಿಮ್ಮು ನೋಯುತ್ತಿತ್ತು. ಮೊದಲ ಸಲ ನಾನು ಶಪಿಸಲಿಲ್ಲ. ದೊಡ್ಡ ರಸ್ತೆಯ ತುದಿಗೆ ಬಂದು ನಿಂತೆವು. ಗಳವಿಲ್ಲ, ಲಾರಿಯಿಲ್ಲ, ನಗುವವರಿಲ್ಲ. ಇಳಿಜಾರು ಕೆರೆಯ ತನಕ ಬಿಕೋ ಎನ್ನುತ್ತಿತ್ತು. ಅದರ ತುದಿಗೆ ನೀರು ಒಂದು ಚೂರು ಹೊಳೆಯಿತು. ಅವಳು ನನ್ನ ಸೀಟು ಹಿಡಿದುಕೊಂಡೇ ನಿಂತಿದ್ದಳು, ಚಿಕ್ಕವಳಿದ್ದಾಗ ಅಣ್ಣನ ಕ್ಯಾರಿಯರು ಹಿಡಿದು ನಿಂತಂತೆ. ಈ ಸಲ ಸೀಟಿನ ಮೇಲೆ ಯಾರೂ ಇರಲಿಲ್ಲ.

ಮರುದಿನ ಅಂಗಡಿ ತೆರೆದಾಗ ಅವಳೇ ಹೋಗಿ ಎರಡು ವಾಷರು ತಂದಳು. ಒಂದನ್ನು ಪಂಪಿಗೆ ಹಾಕಿದಳು, ಇನ್ನೊಂದನ್ನು ಗುಂಡಿಗಳ ಡಬ್ಬಿಯಲ್ಲಿಟ್ಟಳು. ಈಗ ಪ್ರತಿ ಭಾನುವಾರ ನನ್ನ ಎರಡೂ ಗಾಲಿಗಳಿಗೆ ಗಾಳಿ ಹೊಡೆದು, ಬೆರಳಿನಿಂದ ಒತ್ತಿ ನೋಡಿ, ಒಳಗೆ ಹೋಗುತ್ತಾಳೆ. ಶಾವಿಗೆಯ ತಟ್ಟೆ ಈಗ ಸ್ಟೂಲಿನ ಮೇಲೆ ಒಣಗುತ್ತದೆ. ನಾನು ಹಳಬನಾದೆ, ಬ್ರೇಕಿನ ತಂತಿಗೆ ತುಕ್ಕು ಹಿಡಿದಿದೆ. ಆದರೂ ದಿನಾ ಬೆಳಿಗ್ಗೆ ಫಕ್ಕೀರೇಶ ಪೇಪರು ಬಿಡಿಸುವಾಗ ಕಿವಿಗೊಡುತ್ತೇನೆ. ಊರು ತೆರೆಯಲಿ ಎಂದು ಒಂದು ಕಾಲಕ್ಕೆ ಬೇಡಿಕೊಂಡವನು, ಈಗ ಒಂದೇ ಒಂದು ದಿನ ಮುಚ್ಚಲಿ ಎಂದು ಬೇಡಿಕೊಳ್ಳುತ್ತಿದ್ದೇನೆ. ದಾಂಡೇಲಿ ಬೇಡ. ಇಪ್ಪತ್ತೊಂದು ಗೇರೂ ಬೇಡ. ಆ ಇಳಿಜಾರಿಗೆ ಪೆಡಲ್ಲನ್ನೂ ತುಳಿಯಬೇಕಾಗಿಲ್ಲ.